ವಿದೇಶದಲ್ಲಿ ಕಲಿತ ಕಲೆ: ಊರಿಗೆ ಮರಳಿದ ಮೇಲೆ ಉಳಿಯುವುದೇನು?

ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಹೆಚ್ಚಿನ ಓದಿಗೆ ಅಮೆರಿಕಕ್ಕೋ ಜರ್ಮನಿಗೋ ಹೊರಡುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಮನೆಗಳಿಗೆ ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಸಾಲ ಎಷ್ಟು, ನೌಕರಿ ಸಿಕ್ಕರೆ ಸಂಬಳ ಎಷ್ಟು, ಸಾಲ ತೀರಲು ಎಷ್ಟು ವರ್ಷ ಬೇಕು ಎಂಬ ಲೆಕ್ಕವನ್ನು ಮನೆಯ ಹಿರಿಯರೇ ಕೂತು ಹಾಕುತ್ತಾರೆ. ಆದರೆ ದೃಶ್ಯಕಲೆಯಲ್ಲಿ ಪದವಿ ಪಡೆದ ಮಗಳು ಮುಂದಿನ ಓದಿಗೆ ಲಂಡನ್ನಿಗೆ ಹೋಗುತ್ತೇನೆ ಎಂದಾಗ ಅದೇ ಹಿರಿಯರಿಗೆ ಲೆಕ್ಕ ಎಲ್ಲಿಂದ ಆರಂಭಿಸಬೇಕೆಂದೇ ತೋಚುವುದಿಲ್ಲ. ಬಾದಾಮಿಯ ಗುಹೆಗಳು, ಪಟ್ಟದಕಲ್ಲಿನ ಗುಡಿಗಳು ಒಂದು ಬಸ್ಸಿನ ದಾರಿಯಲ್ಲಿರುವಾಗ ಅಷ್ಟು ದೂರ ಹೋಗಿ ಕಲಿಯುವುದಾದರೂ ಏನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅಲ್ಲಿನದನ್ನು ಕಲಿತು ಬಂದವರು ಇಲ್ಲಿನದನ್ನು ಮರೆತುಬಿಟ್ಟರೆ ಹೇಗೆ ಎಂಬ ಆತಂಕವೂ ಅದರ ಬೆನ್ನಿಗೇ ಬರುತ್ತದೆ.

ಈ ಪ್ರಶ್ನೆಗಳಿಗೆ ಊಹೆಯಿಂದ ಉತ್ತರ ಹೇಳಬೇಕಾದ ಅಗತ್ಯವಿಲ್ಲ. ಭಾರತದ ಕಲಾವಿದರು ಸುಮಾರು ನೂರು ವರ್ಷಗಳಿಂದ ಪ್ಯಾರಿಸ್, ಲಂಡನ್, ಮ್ಯೂನಿಕ್, ನ್ಯೂಯಾರ್ಕ್‌ಗಳಿಗೆ ಹೋಗಿ ಕಲಿತು ಬಂದಿದ್ದಾರೆ. ಅವರು ಮಾಡಿದ ಕೆಲಸ ನಮ್ಮ ಮುಂದಿದೆ. ಓದು ಮುಗಿದು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳಾದ ಮೇಲೆ ಆ ಕೆಲಸದಲ್ಲಿ ವಿದೇಶದ ಶಿಕ್ಷಣದ ಯಾವ ಅಂಶ ಉಳಿದಿದೆ, ಯಾವುದು ಕರಗಿಹೋಗಿದೆ ಎಂಬುದನ್ನು ಸಾಕಷ್ಟು ಸ್ಪಷ್ಟವಾಗಿ ಗುರುತಿಸಬಹುದು.

ಮೊದಲು ಕೆಲವು ಮಾತುಗಳ ಅರ್ಥ

ಚಿತ್ರ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ ಇವೆಲ್ಲ ಸೇರಿ ದೃಶ್ಯಕಲೆ. ಮುದ್ರಣಕಲೆಯನ್ನು ನಮ್ಮ ಕಲಾಶಾಲೆಗಳಲ್ಲಿ ಗ್ರಾಫಿಕ್ ಎಂದೂ ಕರೆಯುತ್ತಾರೆ. ಸತು ಅಥವಾ ತಾಮ್ರದ ತಗಡು, ಮರದ ಹಲಗೆ, ನಯವಾದ ಕಲ್ಲು ಇಂಥವುಗಳ ಮೇಲೆ ಚಿತ್ರ ಮೂಡಿಸಿ, ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿ ತೆಗೆಯುವ ವಿಧಾನ ಅದು. ಇಲ್ಲಿ ಬಿ.ವಿ.ಎ. ಎಂಬ ದೃಶ್ಯಕಲೆಯ ಪದವಿಗೆ ನಾಲ್ಕು ವರ್ಷ, ಅದರ ಮೇಲಿನ ಸ್ನಾತಕೋತ್ತರ ಪದವಿ ಎಂ.ವಿ.ಎ.ಗೆ ಎರಡು ವರ್ಷ.

ಹೊರದೇಶದ ಕಲಿಕೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಕಲಾಶಾಲೆಗೋ ಅಕಾಡೆಮಿಗೋ ಸೇರಿ ಪದವಿ ಪಡೆಯುವುದು; ಇದಕ್ಕೆ ಒಂದು ವರ್ಷದಿಂದ ನಾಲ್ಕೈದು ವರ್ಷಗಳವರೆಗೆ ಹಿಡಿಯಬಹುದು. ಇನ್ನೊಂದು ರೆಸಿಡೆನ್ಸಿ, ಇದರಲ್ಲಿ ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಕಲಾವಿದರಿಗೆ ಇರಲು ಜಾಗ, ಕೆಲಸ ಮಾಡಲು ಸ್ಟುಡಿಯೊ ಕೊಟ್ಟು ಕೆಲವು ವಾರ ಅಥವಾ ತಿಂಗಳು ಅಲ್ಲಿಯೇ ಇರಿಸಿಕೊಳ್ಳುವ ವ್ಯವಸ್ಥೆ ಇದು. ಎರಡರ ಪರಿಣಾಮವೂ ಒಂದೇ ತೆರನಾಗಿರುವುದಿಲ್ಲ. ಈ ಲೇಖನ ಹೆಚ್ಚಾಗಿ ಮೊದಲನೆಯದರ ಕುರಿತದ್ದು.

ಯುರೋಪಿನ ಕಲಾಶಿಕ್ಷಣ ಮೊದಲು ನಮ್ಮಲ್ಲಿಗೇ ಬಂದಿತ್ತು

ಬೆಳಗಾವಿ ಮತ್ತು ಅಂದಿನ ಬಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಹೀಗಾಗಿ ಇಲ್ಲಿಯ ಹುಡುಗರಿಗೆ ದೂರ ಹೋಗಿ ಕಲೆ ಕಲಿಯುವುದೆಂದರೆ ಬಹುಕಾಲ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಹೋಗುವುದೇ ಆಗಿತ್ತು. 1857ರಲ್ಲಿ ಆರಂಭವಾದ ಆ ಶಾಲೆಯನ್ನು ದೀರ್ಘಕಾಲ ನಡೆಸಿದವರು ಇಂಗ್ಲೆಂಡಿನಿಂದ ಬಂದ ಶಿಕ್ಷಕರು. ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನು ನೋಡಿ ಬರೆಯುವುದು, ಎದುರಿಗೆ ಕೂತ ವ್ಯಕ್ತಿಯನ್ನು ನೋಡಿ ಹೆಡ್ ಸ್ಟಡಿ, ಅಂದರೆ ತಲೆ–ಮುಖದ ಚಿತ್ರ, ಮಾಡುವುದು, ನೆರಳು–ಬೆಳಕಿನಿಂದ ಉಬ್ಬುತಗ್ಗು ತೋರಿಸುವುದು ಇವೆಲ್ಲ ಆ ದಾರಿಯಾಗಿ ನಮ್ಮ ಊರಿನ ಡ್ರಾಯಿಂಗ್ ಮಾಸ್ತರರವರೆಗೆ ತಲುಪಿದವು. ಎಲಿಮೆಂಟರಿ, ಇಂಟರ್‌ಮೀಡಿಯಟ್ ಎಂಬ ಚಿತ್ರಕಲೆಯ ಪರೀಕ್ಷೆಗಳಿಗೆ ಕೂತ ಹಿರಿಯರು ಈ ಭಾಗದಲ್ಲಿ ಈಗಲೂ ಇದ್ದಾರೆ. ಬೆಳಗಾವಿಯ ಕೆ.ಬಿ. ಕುಲಕರ್ಣಿಯವರ ಬಳಿ ಕಲಿತ ರವಿ ಪರಾಂಜಪೆಯವರು ದೇಶದ ಹೆಸರಾಂತ ಚಿತ್ರಕಾರರಾಗಿ ಬೆಳೆದದ್ದು ಈ ಭಾಗದ ಕಲಾಶಿಕ್ಷಣದ ಗಟ್ಟಿತನಕ್ಕೆ ಸಾಕ್ಷಿ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ವಿದೇಶಕ್ಕೆ ಹೋದವರು ಅಲ್ಲಿ ಮೊದಲ ಸಲ ಯುರೋಪಿನ ಪದ್ಧತಿಯನ್ನು ಕಂಡರೆಂದು ನಾವು ಭಾವಿಸುತ್ತೇವೆ. ಆದರೆ ಆ ಪದ್ಧತಿಯ ಹಳೆಯ ರೂಪವೊಂದನ್ನು ಅವರು ಇಲ್ಲಿಯೇ ಕಲಿತಿರುತ್ತಿದ್ದರು. ಅವರು ಪ್ಯಾರಿಸ್ಸಿಗೆ ಹೋಗುವಷ್ಟರಲ್ಲಿ ಅಲ್ಲಿನ ಕಲಾವಿದರು ಅದನ್ನು ದಾಟಿ ಬಹಳ ಮುಂದೆ ಹೋಗಿದ್ದರು. ಇಲ್ಲಿ ಪರಿಶ್ರಮದಿಂದ ಸಾಧಿಸಿದ ಯಥಾವತ್ ಚಿತ್ರಣ ಅಲ್ಲಿ ಕಲೆಯ ಹಲವು ದಾರಿಗಳಲ್ಲಿ ಒಂದು ಮಾತ್ರ ಎಂದು ತಿಳಿದಾಗ ಆಗುವ ಆಘಾತವೇ ಆ ಶಿಕ್ಷಣದ ಮೊದಲ ಪಾಠವಾಗಿತ್ತು.

ಅಲ್ಲಿ ಪಾಠ ಹೇಗೆ ನಡೆಯುತ್ತದೆ

ನಮ್ಮ ಬಹುತೇಕ ಕಲಾಶಾಲೆಗಳಲ್ಲಿ ಗುರುಗಳು ಒಂದು ವಿಷಯ ಕೊಡುತ್ತಾರೆ, ವಿದ್ಯಾರ್ಥಿಗಳು ಬರೆಯುತ್ತಾರೆ, ಗುರುಗಳು ತಿದ್ದುತ್ತಾರೆ, ವರ್ಷದ ಕೊನೆಗೆ ನಿಗದಿತ ಸಂಖ್ಯೆಯ ಕೃತಿಗಳನ್ನು ಸಬ್‌ಮಿಷನ್ ಎಂದು ಒಪ್ಪಿಸಬೇಕಾಗುತ್ತದೆ. ಕೈ ಪಳಗಲು ಇದು ಬಹಳ ಒಳ್ಳೆಯ ಕ್ರಮ, ಇದನ್ನು ಕಡಿಮೆ ಎಂದು ಎಣಿಸಬೇಕಾದ ಕಾರಣವೇ ಇಲ್ಲ. ಇಂದಿನ ಯುರೋಪ್, ಅಮೆರಿಕಗಳ ಕಲಾಶಾಲೆಗಳಲ್ಲಿ, ಅದರಲ್ಲೂ ಸ್ನಾತಕೋತ್ತರ ಹಂತದಲ್ಲಿ, ವಿಷಯವನ್ನು ಯಾರೂ ಕೊಡುವುದಿಲ್ಲ. ವಿದ್ಯಾರ್ಥಿಗೆ ಸ್ಟುಡಿಯೊದಲ್ಲಿ ಒಂದು ಮೂಲೆ ಸಿಗುತ್ತದೆ. ಏನು ಮಾಡಬೇಕು, ಯಾವ ವಸ್ತುವಿನಲ್ಲಿ ಮಾಡಬೇಕು, ಏಕೆ ಮಾಡಬೇಕು ಎಂಬುದನ್ನು ಅವಳೇ ನಿರ್ಧರಿಸಬೇಕು. ಆಗಾಗ ಒಬ್ಬ ಅಧ್ಯಾಪಕರು ಬಂದು ಕುಳಿತು ಮಾತನಾಡಿ ಹೋಗುತ್ತಾರೆ.

ಕೆಲವು ವಾರಗಳಿಗೊಮ್ಮೆ ಕ್ರಿಟ್ ಎಂಬ ಸಭೆ ಸೇರುತ್ತದೆ. ವಿದ್ಯಾರ್ಥಿ ತನ್ನ ಕೆಲಸವನ್ನು ಗೋಡೆಗೆ ಹಾಕುತ್ತಾಳೆ. ಸಹಪಾಠಿಗಳು, ಅಧ್ಯಾಪಕರು, ಕೆಲವೊಮ್ಮೆ ಹೊರಗಿನಿಂದ ಬಂದ ಕಲಾವಿದರು ಸುತ್ತ ನಿಂತು ಪ್ರಶ್ನೆ ಕೇಳುತ್ತಾರೆ. ಈ ಕೃತಿ ಇಷ್ಟು ದೊಡ್ಡದಾಗಿ ಏಕಿದೆ? ಎಣ್ಣೆಬಣ್ಣವೇ ಏಕೆ ಬೇಕಾಯಿತು? ಈ ಆಕೃತಿ ಎಲ್ಲಿಂದ ಬಂತು? ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ಹಿರಿಯರ ಮುಂದೆ ಎದುರು ಮಾತನಾಡದೆ ಬೆಳೆದ ನಮ್ಮ ಭಾಗದ ಮಕ್ಕಳಿಗೆ ಮೊದಲ ಕೆಲವು ಸಭೆಗಳು ಬಹಳ ಕಠಿಣವಾಗುತ್ತವೆ, ಭಾಷೆಯ ಅಡ್ಡಿ ಸೇರಿದರೆ ಇನ್ನೂ ಕಠಿಣ. ಆದರೆ ಹಳೆಯ ವಿದ್ಯಾರ್ಥಿಗಳಲ್ಲಿ ಅತ್ಯಂತ ದೀರ್ಘಕಾಲ ಉಳಿಯುವುದು ಈ ಸಭೆಯ ಪರಿಣಾಮವೇ. ಪ್ರಶ್ನೆ ಕೇಳುವವರು ಎದುರಿಗೆ ಇಲ್ಲದಿದ್ದರೂ ಪ್ರಶ್ನೆ ಒಳಗೆ ಕೂತಿರುತ್ತದೆ, ಊರಿಗೆ ಮರಳಿ ಒಬ್ಬಳೇ ಕೆಲಸ ಮಾಡುವಾಗಲೂ ಪ್ರತಿ ಆಯ್ಕೆಗೆ ತನ್ನಲ್ಲಿಯೇ ಕಾರಣ ಹುಡುಕುವ ರೂಢಿ ನಿಂತುಬಿಡುತ್ತದೆ.

ಎರಡನೆಯ ದೊಡ್ಡ ಪಾಠಶಾಲೆ ಅಲ್ಲಿನ ಸಂಗ್ರಹಾಲಯಗಳು. ಪುಸ್ತಕದಲ್ಲಿ ಅಂಗೈಯಗಲ ಕಂಡ ಚಿತ್ರ ಗೋಡೆ ತುಂಬ ಇರುವುದನ್ನು, ಬಣ್ಣ ಎಲ್ಲಿ ದಪ್ಪವಾಗಿ ಕೂತಿದೆ, ಎಲ್ಲಿ ಬಟ್ಟೆಯ ನೂಲು ಕಾಣುವಷ್ಟು ತೆಳುವಾಗಿದೆ ಎಂಬುದನ್ನು ಮೂಲ ಕೃತಿಯ ಎದುರು ನಿಂತಾಗ ಮಾತ್ರ ತಿಳಿಯಲು ಸಾಧ್ಯ. ಲಂಡನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಸಂಗ್ರಹ ನೋಡಲು 2001ರಿಂದ ಟಿಕೆಟ್ ಇಲ್ಲ. ಹೀಗಾಗಿ ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಯೂ ಒಂದೇ ಚಿತ್ರವನ್ನು ಹತ್ತು ಸಲ ಹೋಗಿ ನೋಡಿ, ನಕಲು ಮಾಡಿಕೊಂಡು ಬರಬಹುದು.

ದೂರ ಹೋದ ಮೇಲೆ ಊರು ಕಾಣಿಸಿದವರು

ಅಲ್ಲಿನದನ್ನು ಕಲಿತು ಇಲ್ಲಿನದನ್ನು ಮರೆತರೆ ಎಂಬ ಆತಂಕಕ್ಕೆ ಉತ್ತರ ಬೇಕಾದರೆ ನಾಲ್ವರು ಕಲಾವಿದರ ಬದುಕನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅಮೃತಾ ಶೇರ್‌ಗಿಲ್ 1929ರಲ್ಲಿ, ಇನ್ನೂ ಹದಿನಾರರ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಹೋದರು. ಎಕೋಲ್ ದೆ ಬೋಜಾರ್ ಎಂಬ ಸರ್ಕಾರಿ ಕಲಾಶಾಲೆಯಲ್ಲಿ ಲೂಸಿಯಾಂ ಸಿಮೋನ್ ಅವರ ಶಿಷ್ಯೆಯಾಗಿ ಕಲಿತರು. 1932ರಲ್ಲಿ ಅವರು ಬರೆದ, ಇಬ್ಬರು ತರುಣಿಯರ ಚಿತ್ರಕ್ಕೆ ಮರುವರ್ಷ ಅಲ್ಲಿನ ಪ್ರತಿಷ್ಠಿತ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅಲ್ಲಿಯೇ ನೆಲೆ ನಿಲ್ಲಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವರು 1934ರ ಕೊನೆಗೆ ಭಾರತಕ್ಕೆ ಮರಳಿದರು. ಯುರೋಪಿನ ಆಧುನಿಕ ಕಲೆಯನ್ನು ಅರ್ಥ ಮಾಡಿಕೊಂಡದ್ದರಿಂದಲೇ ತನಗೆ ಭಾರತದ ಚಿತ್ರ, ಶಿಲ್ಪಗಳ ಬೆಲೆ ತಿಳಿಯಿತೆಂದು, ಯುರೋಪಿಗೆ ಬರದೇ ಹೋಗಿದ್ದರೆ ಅಜಂತೆಯ ದೊಡ್ಡತನ ತನಗೆ ಹೊಳೆಯುತ್ತಲೇ ಇರಲಿಲ್ಲವೇನೋ ಎಂದು ಆ ವರ್ಷವೇ ಅವರು ಮನೆಯವರಿಗೆ ಪತ್ರ ಬರೆದಿದ್ದರು. ಮರಳಿ ಬಂದು ಅಜಂತೆಯನ್ನು ಕಣ್ಣಾರೆ ಕಂಡ ಮೇಲೆ 1937ರಲ್ಲಿ ದಕ್ಷಿಣ ಭಾರತದ ಜನರನ್ನು ಕುರಿತ ಮೂರು ದೊಡ್ಡ ಚಿತ್ರಗಳನ್ನು ಬರೆದರು. ಅವುಗಳಲ್ಲಿ ಬಳಸಿದ್ದು ಪ್ಯಾರಿಸ್ಸಿನಲ್ಲಿ ಪಳಗಿದ ಎಣ್ಣೆಬಣ್ಣವನ್ನೇ. ಆದರೆ ಆಕೃತಿಗಳ ನಿಲುವು, ಅವುಗಳ ಮೌನ, ಮಣ್ಣಿನ ಬಣ್ಣಗಳು ಅಜಂತೆಯ ಕಡೆಗೆ ತಿರುಗಿವೆ.

ಮೀರಾ ಮುಖರ್ಜಿಯವರದು ಇನ್ನೂ ನೇರವಾದ ಉದಾಹರಣೆ. ಅವರು 1953ರಿಂದ 1956ರವರೆಗೆ ಜರ್ಮನಿಯ ಮ್ಯೂನಿಕ್ ಅಕಾಡೆಮಿಯಲ್ಲಿ ಓದಿದರು. ಚಿತ್ರ ಕಲಿಯಲು ಹೋದವರು ಅಲ್ಲಿ ಶಿಲ್ಪದ ಕಡೆ ಹೊರಳಿದರು. ನಿಮ್ಮ ನೆಲದ ಪರಂಪರೆಯಲ್ಲಿ ದಾರಿ ಹುಡುಕಿ ಎಂಬ ಒತ್ತಾಸೆ ಅವರಿಗೆ ಸಿಕ್ಕದ್ದು ಜರ್ಮನ್ ಅಧ್ಯಾಪಕರಿಂದಲೇ. ಭಾರತಕ್ಕೆ ಮರಳಿ ಇಂದಿನ ಛತ್ತೀಸ್‌ಗಢದ ಬಸ್ತರಿಗೆ ಹೋಗಿ, ಮೇಣದ ಅಚ್ಚಿನಿಂದ ಲೋಹ ಎರಕ ಹೊಯ್ಯುವ ಆದಿವಾಸಿ ಕುಶಲಕರ್ಮಿಗಳ ಬಳಿ ಕೂತು ಆ ವಿದ್ಯೆ ಕಲಿತರು. ಬಳಿಕದ ದಶಕಗಳಲ್ಲಿ ಅವರು ಮಾಡಿದ ಕಂಚಿನ ದೊಡ್ಡ ಶಿಲ್ಪಗಳು ಆ ಎರಕದ ಪದ್ಧತಿಯಿಂದಲೇ ಬೆಳೆದವು. ಕೈ ಬಸ್ತರಿನ ವಿದ್ಯೆಯನ್ನು ಕಲಿಯಿತು, ಅದನ್ನು ಕಲಿಯಲೇಬೇಕೆಂಬ ತೀರ್ಮಾನ ಮ್ಯೂನಿಕ್‌ನಲ್ಲಿ ಹುಟ್ಟಿತು.

ಗುಲಾಂ ಮೊಹಮ್ಮದ್ ಶೇಖ್ 1963ರಿಂದ 1966ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದರು. ಕಾಲೇಜಿನ ನೆರೆಯಲ್ಲೇ ಇರುವ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಭಾರತದ ಕಿರುಚಿತ್ರಗಳ, ಅಂದರೆ ಪುಸ್ತಕದ ಪುಟಗಳಷ್ಟು ಚಿಕ್ಕ ಹಳೆಯ ವರ್ಣಚಿತ್ರಗಳ, ಮೂಲ ಪ್ರತಿಗಳನ್ನು ಅವರು ಹತ್ತಿರದಿಂದ ನೋಡಿದರು. ಒಂದೇ ಚಿತ್ರದಲ್ಲಿ ಹಲವು ಕಾಲ, ಹಲವು ಸ್ಥಳಗಳನ್ನು ಕೂಡಿಸುವ ಕ್ರಮ ಅವರಿಗೆ ಅಲ್ಲಿ ಗೋಚರಿಸಿತು. 1969ರಿಂದ 1973ರ ನಡುವೆ ಅವರು ಬರೆದ, ಬಹುಕಾಲದ ನಂತರ ಮನೆಗೆ ಮರಳುವುದನ್ನು ಕುರಿತ ಚಿತ್ರದಲ್ಲಿ ತಾಯಿಯ ಮುಖ, ಹುಟ್ಟಿದೂರಿನ ಮನೆಗಳು, ಪರ್ಷಿಯನ್ ಕಿರುಚಿತ್ರದ ದೇವದೂತರು ಒಟ್ಟಿಗೆ ಇದ್ದಾರೆ.

ಸೈಯದ್ ಹೈದರ್ ರಜಾ ಅವರ ವಿಷಯದಲ್ಲಿ ಇದೇ ಬದಲಾವಣೆಗೆ ಬಹಳ ಕಾಲ ಹಿಡಿಯಿತು. ಮಧ್ಯಪ್ರದೇಶದ ಕಾಡಿನಂಚಿನ ಹಳ್ಳಿಯಲ್ಲಿ ಹುಟ್ಟಿದ ಅವರು 1950ರಲ್ಲಿ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿಯೇ ನೆಲೆ ನಿಂತರು. 1956ರಲ್ಲಿ ಫ್ರಾನ್ಸಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಅವರನ್ನು ಇಂದು ನಾವು ಗುರುತಿಸುವ ಬಿಂದುವಿನ ಚಿತ್ರಗಳು ಗಟ್ಟಿಯಾಗಿ ನೆಲೆಗೊಂಡದ್ದು 1970ರ ದಶಕದ ಕೊನೆಯ ಹೊತ್ತಿಗೆ. ಚಂಚಲ ಮನಸ್ಸಿನ ಹುಡುಗನನ್ನು ಹಿಡಿದು ನಿಲ್ಲಿಸಲು ಶಾಲೆಯ ಗುರುಗಳು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು ಅದನ್ನೇ ನೋಡು ಎಂದಿದ್ದರಂತೆ. ಆ ಚುಕ್ಕೆ ಕ್ಯಾನ್ವಾಸಿಗೆ ಬರಲು ಪ್ಯಾರಿಸ್ಸಿನ ಮೂರು ದಶಕಗಳು ಬೇಕಾದವು. ಓದು ಮುಗಿಸಿ ಬಂದ ಎರಡನೇ ವರ್ಷಕ್ಕೇ ಫಲ ಏನೆಂದು ಮಕ್ಕಳನ್ನು ಕೇಳುವ ಮನೆಯವರು ಈ ಅವಧಿಯನ್ನು ಗಮನಿಸಬೇಕೆಂದು ನನ್ನ ವಿನಂತಿ.

ಇದು ಹೀಗೇಕೆ ಆಗುತ್ತದೆ? ದಿನವೂ ಕಣ್ಣಿಗೆ ಬೀಳುವುದನ್ನು ನಾವು ನೋಡುವುದನ್ನೇ ಬಿಟ್ಟಿರುತ್ತೇವೆ. ಅಪರಿಚಿತ ಊರಿನಲ್ಲಿ ಪ್ರತಿ ವಸ್ತುವನ್ನೂ ಎಚ್ಚರದಿಂದ ನೋಡಬೇಕಾಗುತ್ತದೆ, ಆ ಎಚ್ಚರ ರೂಢಿಯಾದ ಮೇಲೆ ಮರಳಿ ಬಂದಾಗ ಊರನ್ನೂ ಅದೇ ಎಚ್ಚರದಿಂದ ನೋಡುತ್ತೇವೆ. ಎರಡನೆಯ ಕಾರಣವೂ ಇದೆ. ನೀನು ಎಲ್ಲಿಂದ ಬಂದೆ, ನಿನ್ನಲ್ಲಿ ಏನಿದೆ ಎಂದು ಅಲ್ಲಿ ಎಲ್ಲರೂ ಕೇಳುತ್ತಾರೆ. ಇಳಕಲ್ ಸೀರೆಯ ಕೆಂಪು ಸೆರಗನ್ನು, ಗುಳೇದಗುಡ್ಡದ ಖಣದ ವಿನ್ಯಾಸವನ್ನು, ಗೋಕಾಕಿನ ಮರದ ಗೊಂಬೆಯ ಬಣ್ಣವನ್ನು ಮೊದಲ ಬಾರಿಗೆ ಮತ್ತೊಬ್ಬರಿಗೆ ವಿವರಿಸಬೇಕಾದಾಗ, ತನಗೆ ಅದರ ಬಗ್ಗೆ ಎಷ್ಟು ಕಡಿಮೆ ಗೊತ್ತು ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ.

ವಿಜಯಪುರದ ಮಕ್ಕಳ ಪಾಲಿಗಂತೂ ಈ ಮಾತು ಅಕ್ಷರಶಃ ನಿಜ. ಆದಿಲ್‌ಶಾಹಿ ಕಾಲದ ಶ್ರೇಷ್ಠ ಚಿತ್ರಗಳಲ್ಲಿ ಹೆಚ್ಚಿನವು ಇಂದು ಆ ಊರಲ್ಲಿ ಇಲ್ಲ. ಮೈನಾ ಹಕ್ಕಿಯೊಂದಿಗೆ ನಿಂತ ಯೋಗಿನಿಯ ಪ್ರಸಿದ್ಧ ಬಿಜಾಪುರ ಚಿತ್ರ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆದಿಲ್‌ಶಾಹಿ ಅರಸರೆಲ್ಲರನ್ನೂ ಒಂದೇ ಪುಟದಲ್ಲಿ ಕೂರಿಸಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಚಿತ್ರಕಾರರು ಸುಮಾರು 1680ರಲ್ಲಿ ಬರೆದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಗೋಳಗುಮ್ಮಟದ ನೆರಳಿನಲ್ಲಿ ಆಡಿ ಬೆಳೆದ ಹುಡುಗಿ ತನ್ನೂರಿನ ಚಿತ್ರಪರಂಪರೆಯನ್ನು ಮೂಲದಲ್ಲಿ ಕಾಣಲು ಸಮುದ್ರ ದಾಟಬೇಕಾಗಿರುವುದು ನನಗೆ ನೋವಿನ ಸಂಗತಿ.

ಬಳ್ಳಿ ಮತ್ತು ಅದರ ಬೇರು

ತಿಕೋಟಾ, ಅಥಣಿ, ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಪರಿಣಾಮದ ಸ್ವರೂಪವನ್ನು ಹೇಳುವುದು ಸುಲಭ. ಅವರು ಮೊದಲು ಡಾಗ್‌ರಿಜ್ ಬೇರಿನ ಸಸಿ ನೆಟ್ಟು, ಅದು ಹಿಡಿದ ಮೇಲೆ ತಮಗೆ ಬೇಕಾದ ಥಾಮ್ಸನ್ ತಳಿಯ ಕಡ್ಡಿಯನ್ನು ಅದಕ್ಕೆ ಕಸಿ ಕಟ್ಟುತ್ತಾರೆ. ಡಾಗ್‌ರಿಜ್ ಅಮೆರಿಕದ ಕಾಡು ದ್ರಾಕ್ಷಿಯ ಮೂಲದ್ದು. ಗೊನೆಯನ್ನು ನೋಡಿದವರಿಗೆ ಆ ಬೇರಿನ ಸುಳಿವೇ ಸಿಗುವುದಿಲ್ಲ. ಹಣ್ಣಿನ ರುಚಿ, ಆಕಾರ ಎಲ್ಲವೂ ಮೇಲಿನ ತಳಿಯದ್ದೇ. ಆದರೆ ಸವುಳು ನೀರು, ನೀರಿನ ಕೊರತೆ ಬಂದಾಗ ಬಳ್ಳಿ ತಡೆದುಕೊಳ್ಳುವುದು ಆ ಬೇರಿನ ಬಲದಿಂದ. ವಿದೇಶದ ಕಲಾಶಿಕ್ಷಣ ಉಳಿಯುವುದು ಬಹುಮಟ್ಟಿಗೆ ಹೀಗೆ. ಕೃತಿಯ ಮೇಲ್ಮೈಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಕಲಾವಿದೆ ಕಷ್ಟಕಾಲದಲ್ಲಿ ಕೆಲಸ ಬಿಡದೆ ಮುಂದುವರಿಯುವ ಕ್ರಮದಲ್ಲಿ, ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಹುಡುಕುವ ರೀತಿಯಲ್ಲಿ ಅದು ಇರುತ್ತದೆ.

ಬಾದಾಮಿಯ ಗುರು, ಲಂಡನ್ನಿಗೆ ಹೋದ ಶಿಷ್ಯೆ

ನಮ್ಮ ಭಾಗಕ್ಕೆ ಹತ್ತಿರದ ಕೊಂಡಿಯೊಂದು ಇಲ್ಲಿದೆ. ಬೆಂಗಳೂರಿನ ಕೆನ್ ಕಲಾಶಾಲೆಯನ್ನು ಕಟ್ಟಿದ ಆರ್.ಎಂ. ಹಡಪದ್ ಅವರು ಬಾದಾಮಿಯವರು. ಅವರು ವಿದೇಶದಲ್ಲಿ ಪದವಿ ಪಡೆದವರಲ್ಲ. ಆದರೆ ಅವರ ಬಳಿ ಕಲಿತವರು ದೇಶದ ಹೊರಗೂ ಹೆಸರು ಮಾಡಿದರು. ಅವರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಒಬ್ಬರು. ಕೆನ್ ಶಾಲೆಯ ನಂತರ ಬರೋಡಾ, ಶಾಂತಿನಿಕೇತನಗಳಲ್ಲಿ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ ಪಡೆದರು.

ಮರಳಿದ ಕೂಡಲೇ ಅವರ ಕೆಲಸ ಬದಲಾಗಿಬಿಡಲಿಲ್ಲ, ಕೆಲವು ವರ್ಷ ಅವರು ಚಿತ್ರವನ್ನೇ ಬರೆದರು. 1990ರ ದಶಕದ ಆರಂಭದಲ್ಲಿ ಅವರು ಕೈಗೆತ್ತಿಕೊಂಡ ವಸ್ತು ಸೆಗಣಿ. ಮುಂದೆ ಸೂಜಿಗಳಲ್ಲಿ ಪೋಣಿಸಿದ ಉದ್ದನೆಯ ದಾರಕ್ಕೆ ಕುಂಕುಮ ಸವರಿ, ಹಗ್ಗದಂತೆ ಒಟ್ಟುಗೂಡಿಸಿ ಗೋಡೆ, ನೆಲಗಳ ಮೇಲೆ ಹರಡಿದ ಕೃತಿ ಅವರಿಗೆ ಅಂತರರಾಷ್ಟ್ರೀಯ ಮನ್ನಣೆ ತಂದಿತು. ಸೆಗಣಿ, ಕುಂಕುಮ, ದಾರ ಇವು ಲಂಡನ್ನಿನಲ್ಲಿ ಯಾರೂ ಕಲಿಸುವ ವಸ್ತುಗಳಲ್ಲ. ಈ ವಸ್ತುವೇ ಏಕೆ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಬೆನ್ನಟ್ಟುವ ಶಿಸ್ತಿನಲ್ಲಿ ಅವರ ಎಲ್ಲ ಶಾಲೆಗಳ ಪಾಲೂ ಇದೆ ಎಂದು ನಾನು ತಿಳಿಯುತ್ತೇನೆ, ಅದರಲ್ಲಿ ಮೊದಲ ಪಾಲು ಬಾದಾಮಿಯ ಗುರುವಿನದು.

ಕನ್ನಡದವರೇ ಆದ ಇನ್ನಿಬ್ಬರನ್ನು ಇಲ್ಲಿ ನೆನೆಯಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿಯಲು ಹೋದಾಗ ಆಗಲೇ ನಲವತ್ತರ ಹತ್ತಿರವಿದ್ದರು, ಜೆ.ಜೆ. ಶಾಲೆಯಲ್ಲಿ ಪಾಠ ಹೇಳಿಯೂ ಆಗಿತ್ತು. ಬೆಂಗಳೂರಿನ ರವಿಕುಮಾರ್ ಕಾಶಿಯವರು 2001ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಕಲಾಶಾಲೆಯಲ್ಲಿ ಕೈಕಾಗದ ಮಾಡುವುದನ್ನು ಕಲಿತು, ಮುಂದೆ ಕೊರಿಯಾದಲ್ಲಿ ಅಲ್ಲಿನ ಸಾಂಪ್ರದಾಯಿಕ ಹಾಂಜಿ ಕಾಗದದ ವಿದ್ಯೆಯನ್ನೂ ಕಲಿತರು. ಕಾಗದದ ತಿರುಳು ಅವರ ಕೃತಿಗಳ ಮುಖ್ಯ ವಸ್ತುವಾಯಿತು. ಹೋಗುವ ವಯಸ್ಸು ಇಷ್ಟೇ ಎಂದಾಗಲೀ ಹೋಗಬೇಕಾದ ದಿಕ್ಕು ಯುರೋಪೊಂದೇ ಎಂದಾಗಲೀ ನಿಯಮವಿಲ್ಲ ಎಂಬುದು ಇವರಿಬ್ಬರಿಂದ ತಿಳಿಯುತ್ತದೆ.

ಮನಶ್ಶಾಸ್ತ್ರಜ್ಞರು ಕಂಡದ್ದು

ಹೊರದೇಶದ ವಾಸಕ್ಕೂ ಹೊಸದನ್ನು ಯೋಚಿಸುವ ಶಕ್ತಿಗೂ ಸಂಬಂಧವಿದೆಯೇ ಎಂಬುದನ್ನು ವಿಲಿಯಂ ಮ್ಯಾಡಕ್ಸ್ ಮತ್ತು ಆಡಂ ಗ್ಯಾಲಿನ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಒಂದು ಹಳೆಯ ಒಗಟು ಹೀಗಿದೆ. ನಿಮಗೆ ಒಂದು ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಗುಂಡುಪಿನ್ನು ಕೊಡುತ್ತಾರೆ. ಮೇಣ ನೆಲಕ್ಕೆ ತೊಟ್ಟಿಕ್ಕದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಪಿನ್ನುಗಳನ್ನು ಹೊರಗೆ ಸುರಿದು, ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ, ಅದರ ಮೇಲೆ ಬತ್ತಿ ಇಡುವುದು ಉತ್ತರ. ಡಬ್ಬಿ ಇರುವುದು ಪಿನ್ನು ತುಂಬಲು ಮಾತ್ರ ಎಂದು ಕಣ್ಣು ನಂಬಿಬಿಟ್ಟಿರುವುದರಿಂದ ಹಲವರಿಗೆ ಇದು ಹೊಳೆಯುವುದಿಲ್ಲ. ಹೊರದೇಶದಲ್ಲಿ ವಾಸಿಸಿದವರು ಇದನ್ನು ಬಿಡಿಸುವ ಸಾಧ್ಯತೆ ಹೆಚ್ಚು ಎಂದು ಅವರಿಗೆ ಕಂಡುಬಂತು. ಬರೀ ಪ್ರವಾಸ ಹೋಗಿಬಂದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ರೀತಿನೀತಿಗೆ ಎಷ್ಟರಮಟ್ಟಿಗೆ ಹೊಂದಿಕೊಂಡರು ಎಂಬುದೂ ಮುಖ್ಯವಾಗಿತ್ತು.

ಇದೇ ತಂಡದವರು ಸೇರಿದ್ದ, 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹೊರದೇಶದಲ್ಲಿ ಇದ್ದವರಿಗೆ ತಾವು ಯಾರು, ತಮಗೆ ಯಾವುದು ಮುಖ್ಯ ಎಂಬುದು ಹೆಚ್ಚು ಸ್ಪಷ್ಟವಾಗಿರುತ್ತದೆ ಎಂದು ಕಂಡಿತು. ಎಷ್ಟು ದೇಶ ಸುತ್ತಿದರು ಎಂಬುದಕ್ಕಿಂತ ಎಷ್ಟು ಕಾಲ ಇದ್ದರು ಎಂಬುದರ ಪರಿಣಾಮ ಅಲ್ಲಿ ಹೆಚ್ಚಾಗಿತ್ತು. ಕಾರಣ ಸರಳ: ಇಲ್ಲಿ ನಾವು ಮಾಡುವುದರಲ್ಲಿ ಯಾವುದು ನಮ್ಮ ಸ್ವಂತ ನಂಬಿಕೆ, ಯಾವುದು ಸುತ್ತಲಿನವರು ಮಾಡುತ್ತಾರೆಂದು ಮಾಡಿದ್ದು ಎಂಬುದನ್ನು ಅಲ್ಲಿ ದಿನವೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಇವು ಕಲಾವಿದರನ್ನೇ ಕುರಿತ ಅಧ್ಯಯನಗಳಲ್ಲ ಎಂಬುದನ್ನೂ, ಹೊರಡುವ ಧೈರ್ಯವಿದ್ದವರಲ್ಲಿ ಈ ಗುಣಗಳು ಮೊದಲೇ ಸ್ವಲ್ಪ ಹೆಚ್ಚಿರಬಹುದೆಂಬುದನ್ನೂ ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಲಾವಿದರು ಇಲ್ಲಿಗೂ ಬಂದಿದ್ದರು

ವಿಜಯಪುರಕ್ಕೆ ಈ ಓಡಾಟ ನಾನೂರು ವರ್ಷ ಹಳೆಯದು. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಫರ್ರುಖ್ ಹುಸೇನ್ ಎಂಬ ಪರ್ಷಿಯಾದ ಚಿತ್ರಕಾರನಿದ್ದ; ಮೊಘಲ್ ಆಸ್ಥಾನದ ಫರ್ರುಖ್ ಬೇಗ್ ಈತನೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ 17ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದು ಅದೇ ಅರಸನ ಆಶ್ರಯದಲ್ಲಿ ಕೆಲಸ ಮಾಡಿದ. ಅಸಾರ್ ಮಹಲಿನ ಗೋಡೆಗಳ ಮೇಲೆ ಮಾಸಿದ ಚಿತ್ರಗಳಲ್ಲಿ ಯುರೋಪಿ ರೀತಿಯ ಛಾಯೆ ಇಂದಿಗೂ ಕಾಣುತ್ತದೆ.

ಉಳಿಯದೆ ಹೋಗುವುದು

ಎಲ್ಲವೂ ಉಳಿಯುವುದಿಲ್ಲ, ಎಲ್ಲರಿಗೂ ಒಳ್ಳೆಯದಾಗುವುದೂ ಇಲ್ಲ. ಮೊದಲು ಕಳಚುವುದು ಅಲ್ಲಿನ ಆಗಿನ ಶೈಲಿ. ಓದುವ ದಿನಗಳಲ್ಲಿ ಲಂಡನ್ನಿನಲ್ಲಿ ಯಾವುದು ಹೊಸದಾಗಿತ್ತೋ ಅದನ್ನೇ ಇಲ್ಲಿಗೆ ಹೊತ್ತು ತಂದವರ ಕೆಲಸ ಕೆಲವೇ ವರ್ಷಗಳಲ್ಲಿ ಹಳತಾಗಿ ಕಾಣುತ್ತದೆ, ಏಕೆಂದರೆ ಅಲ್ಲಿನವರೇ ಅದನ್ನು ಬಿಟ್ಟು ಮುಂದೆ ಹೋಗಿರುತ್ತಾರೆ.

ಸಲಕರಣೆಯನ್ನು ನೆಚ್ಚಿದ ಕೌಶಲಗಳೂ ಕಷ್ಟಕ್ಕೆ ಸಿಲುಕುತ್ತವೆ. ಮುದ್ರಣಕಲೆ ಕಲಿತವರಿಗೆ ಒತ್ತುಯಂತ್ರ ಬೇಕು, ಆಮ್ಲ ಬಳಸಲು ಗಾಳಿಯಾಡುವ ಕೋಣೆ ಬೇಕು. ದೊಡ್ಡ ಕುಲುಮೆ, ಗಾಜಿನ ಕೆಲಸ, ಡಿಜಿಟಲ್ ಪ್ರಯೋಗಾಲಯಗಳನ್ನು ಬಳಸಿ ಕಲಿತವರಿಗೆ ಬಾಗಲಕೋಟೆಯ ಮನೆಯ ಮಹಡಿಯಲ್ಲಿ ಅದೇ ಕೆಲಸ ಮುಂದುವರಿಸಲು ಆಗುವುದಿಲ್ಲ. ಇಂಥ ಸಂದರ್ಭದಲ್ಲಿ ದಾರಿ ಬದಲಿಸಿದವರೇ ಮುಂದೆ ಹೋಗಿದ್ದಾರೆ. ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿ ಮುದ್ರಣಕಲೆ ಕಲಿತು 1966ರಲ್ಲಿ ಓದು ಮುಗಿಸಿದ ಬರೋಡಾದ ಜ್ಯೋತಿ ಭಟ್ಟರು ಮುದ್ರಣವನ್ನು ಬಿಡಲಿಲ್ಲ. ಆದರೆ ಮರುವರ್ಷದಿಂದಲೇ ಕ್ಯಾಮೆರಾ ಹಿಡಿದು ಹಳ್ಳಿಗಳ ಗೋಡೆಚಿತ್ರ, ರಂಗೋಲಿಗಳನ್ನು ದಾಖಲಿಸಲು ಆರಂಭಿಸಿ ದಶಕಗಳ ಕಾಲ ಮುಂದುವರಿಸಿದರು. ಅವರು ತೆಗೆದ ಗೋಡೆಚಿತ್ರಗಳಲ್ಲಿ ಹಲವು ಇಂದು ಆ ಫೋಟೊಗಳಲ್ಲಿ ಮಾತ್ರ ಉಳಿದಿವೆ.

ಒಂಟಿತನದ ಮಾತನ್ನೂ ಆಡಲೇಬೇಕು. ಅಲ್ಲಿ ದಿನವೂ ಕೆಲಸ ನೋಡಿ ಮಾತನಾಡುವ ಹತ್ತಾರು ಜನರಿರುತ್ತಾರೆ. ಇಲ್ಲಿ ಮರಳಿದ ಮೇಲೆ ತಿಂಗಳುಗಟ್ಟಲೆ ಒಬ್ಬರೂ ಇರುವುದಿಲ್ಲ. ಪ್ರಶ್ನೆ ಕೇಳುವ ರೂಢಿ ಒಳಗೆ ಗಟ್ಟಿಯಾಗುವ ಮೊದಲೇ ಮರಳಿದವರು ಈ ಹಂತದಲ್ಲಿ ಕೆಲಸವನ್ನೇ ನಿಲ್ಲಿಸಿಬಿಡುವುದುಂಟು. ಹಳೆಯ ಸಹಪಾಠಿಗಳೊಂದಿಗೆ ಸಂಪರ್ಕ ಉಳಿಸಿಕೊಂಡವರಿಗೆ, ಊರಿನಲ್ಲೇ ನಾಲ್ಕೈದು ಜನ ಸೇರಿ ತಿಂಗಳಿಗೊಮ್ಮೆ ಕೆಲಸ ತೋರಿಸಿಕೊಳ್ಳುವ ಏರ್ಪಾಡು ಮಾಡಿಕೊಂಡವರಿಗೆ ಈ ಕಷ್ಟ ಕಡಿಮೆ.

ಹೊರಡುವ ಮೊದಲು ತಿಳಿದಿರಬೇಕಾದದ್ದು

ಪದವಿ ಮುಗಿದ ಕೂಡಲೇ ಹೋಗುವುದಕ್ಕಿಂತ ಒಂದೆರಡು ವರ್ಷ ಸ್ವಂತವಾಗಿ ಕೆಲಸ ಮಾಡಿ ಹೋಗುವುದು ಹೆಚ್ಚು ಫಲಕಾರಿ. ವಿಷಯವನ್ನು ಯಾರೂ ಕೊಡದ ಜಾಗದಲ್ಲಿ, ಹೇಳಲು ತನ್ನದೇ ಏನಾದರೂ ಇದ್ದವರಿಗೆ ಸಮಯ ವ್ಯರ್ಥವಾಗುವುದಿಲ್ಲ. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಹಲವೆಡೆ ಒಂದೇ ವರ್ಷದ್ದು ಎಂಬುದನ್ನು ನೆನಪಿಡಬೇಕು. ಹೊಂದಿಕೊಳ್ಳಲು ಮೂರ್ನಾಲ್ಕು ತಿಂಗಳು ಹೋದರೆ ಉಳಿಯುವ ಕಾಲ ಬಹಳ ಕಡಿಮೆ.

ವೆಚ್ಚದಲ್ಲಿ ದೇಶದಿಂದ ದೇಶಕ್ಕೆ ಅಗಾಧ ವ್ಯತ್ಯಾಸವಿದೆ. ಜರ್ಮನಿಯ ಬಹುತೇಕ ಸರ್ಕಾರಿ ಕಲಾ ಅಕಾಡೆಮಿಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಥವಾ ಬ್ರಿಟನ್, ಅಮೆರಿಕಗಳಿಗೆ ಹೋಲಿಸಿದರೆ ತೀರ ಕಡಿಮೆ. ಆದರೆ ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರಿಗೆ 1,500 ಯುರೋ ಶುಲ್ಕವಿದೆ. ಇದಕ್ಕೆ ಪ್ರತಿಯಾಗಿ ಅಲ್ಲಿ ಜರ್ಮನ್ ಭಾಷೆ ಬೇಕಾಗುತ್ತದೆ, ಊಟ–ವಸತಿಯ ಖರ್ಚು ನಮ್ಮದೇ. ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ, ಅಮೆರಿಕದ ಓದಿಗೆ ನೆರವಾಗುವ ಫುಲ್‌ಬ್ರೈಟ್–ನೆಹರೂ, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್ (DAAD) ಇವುಗಳ ವಿದ್ಯಾರ್ಥಿವೇತನಗಳಿಗೆ ಕಲೆಯವರೂ ಅರ್ಜಿ ಹಾಕಬಹುದು. ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ 1981ರಿಂದ ಕಲೆ ಮತ್ತು ಪರಂಪರೆಯ ಕ್ಷೇತ್ರದ ಭಾರತೀಯರಿಗೆ ಬ್ರಿಟನ್ನಿನ ಓದು, ರೆಸಿಡೆನ್ಸಿಗಳಿಗೆ ನೆರವು ಕೊಡುತ್ತಿದೆ. ಪರಿಶಿಷ್ಟ ಜಾತಿ ಮತ್ತು ಇತರ ಕೆಲವು ವರ್ಗಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ವಿಷಯಗಳನ್ನು 2022ರ ಮಾರ್ಗಸೂಚಿ ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗಾಗಿ ಬಾದಾಮಿಯ ಶಿಲ್ಪವನ್ನೋ ಬಿಜಾಪುರದ ಕಿರುಚಿತ್ರವನ್ನೋ ಅಲ್ಲಿ ಅಧ್ಯಯನ ಮಾಡಬೇಕೆನ್ನುವವರು ಅರ್ಜಿ ತುಂಬುವ ಮೊದಲು ಆ ವರ್ಷದ ನಿಯಮಗಳನ್ನು ಓದಿಕೊಳ್ಳಬೇಕು.

ಪ್ರವೇಶ ನಿರ್ಧಾರವಾಗುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಪೋರ್ಟ್‌ಫೋಲಿಯೊದಿಂದ, ಅಂದರೆ ಆಯ್ದ ಕೃತಿಗಳ ಸಂಪುಟದಿಂದ. ನಮ್ಮ ಕಡೆಯ ಮಕ್ಕಳು ಅದರಲ್ಲಿ ಪೂರ್ಣಗೊಂಡ, ಚೊಕ್ಕ ಚಿತ್ರಗಳನ್ನು ಮಾತ್ರ ಇಡುತ್ತಾರೆ. ಆಯ್ಕೆ ಮಾಡುವವರು ನೋಡಬಯಸುವುದು ಯೋಚನೆ ಬೆಳೆದ ಬಗೆಯನ್ನು. ಆದ್ದರಿಂದ ಸ್ಕೆಚ್‌ಬುಕ್ಕಿನ ಪುಟಗಳು, ಅರ್ಧಕ್ಕೆ ಬಿಟ್ಟ ಪ್ರಯತ್ನಗಳು, ಒಂದೇ ವಿಷಯವನ್ನು ಹಲವು ಬಾರಿ ಬದಲಿಸಿ ಮಾಡಿದ ಹೆಜ್ಜೆಗಳು ಅದರಲ್ಲಿ ಇರಬೇಕು. ಜೊತೆಗೆ ಬರೆದು ಕೊಡಬೇಕಾದ ಹೇಳಿಕೆಯಲ್ಲಿ ಆ ಶಾಲೆಯೇ ಏಕೆ, ಅಲ್ಲಿನ ಯಾವ ಕಾರ್ಯಾಗಾರ, ಯಾವ ಸಂಗ್ರಹ, ಯಾವ ಅಧ್ಯಾಪಕರ ಕೆಲಸ ತನಗೆ ಬೇಕು ಎಂಬುದನ್ನು ಹೆಸರಿಸಿ ಹೇಳಬೇಕಾಗುತ್ತದೆ. ಇದಕ್ಕೆ ಕನಿಷ್ಠ ಒಂದು ವರ್ಷದ ತಯಾರಿ ಬೇಕು, ಹಲವು ಶಾಲೆಗಳ ಅರ್ಜಿಯ ಗಡುವು ತರಗತಿ ಆರಂಭವಾಗುವ ಬಹಳ ತಿಂಗಳು ಮೊದಲೇ ಮುಗಿದಿರುತ್ತದೆ.